ಕತ್ತರಿ, ಗೋಂದು, ಕಂಪ್ಯೂಟರು: ಓದುಗರ ಪ್ರಶ್ನೆಗೆ ತುಮಕೂರಿನಿಂದ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಡಿಜಿಟಲ್ ಕೊಲಾಜ್ (ಬೇರೆ ಬೇರೆ ಫೋಟೋಗಳ ಚೂರು ಕಂಪ್ಯೂಟರಿನಲ್ಲಿ ಜೋಡಿಸಿದ) ಚಿತ್ರಗಳ ಬಗ್ಗೆ ಎರಡು ಪುಟ ಬಂದಿದ್ದೇ ತಡ, ಸಂಪಾದಕರು ಒಂದು ಕಟ್ಟು ಪ್ರಶ್ನೆ ಕಳಿಸಿ ‘ನೀವೇ ಹಚ್ಚಿದ ಬೆಂಕಿ, ನೀವೇ ಆರಿಸಿ’ ಅಂದರು. ಪೋಸ್ಟ್‌ಕಾರ್ಡ್ ಮೂರು, ಇನ್‌ಲ್ಯಾಂಡ್ ಒಂದು, ಉಳಿದದ್ದೆಲ್ಲ ವಾಟ್ಸಾಪು. ಎಲ್ಲಕ್ಕೂ ಉತ್ತರಿಸಲು ಆಗಿಲ್ಲ. ಹೆಸರು ಬೇಡ, ಊರು ಸಾಕು ಅಂತ ನಾನೇ ಕೇಳಿಕೊಂಡೆ.

ನನ್ನನ್ನು ಹೊಸದಾಗಿ ನೋಡುವವರಿಗೆ ಎರಡೇ ಮಾತು. ಅಪ್ಪನಿಗೆ ತುಮಕೂರಿನ ಚಿಕ್ಕಪೇಟೆಯಲ್ಲಿ ಫೋಟೋ ಸ್ಟುಡಿಯೋ ಇತ್ತು. ಹದಿನಾಲ್ಕನೇ ವಯಸ್ಸಿಗೆ ನೆಗೆಟಿವ್ ಟಚಿಂಗ್ ಕಲಿತೆ. ಮೊನಚು ಪೆನ್ಸಿಲ್ ಹಿಡಿದು, ಬಲ್ಬಿನ ಮುಂದೆ ನೆಗೆಟಿವ್ ಇಟ್ಟುಕೊಂಡು, ಜನರ ಮೊಡವೆ, ಸಿಡುಬಿನ ಕಲೆ ಮುಚ್ಚುವ ಕೆಲಸ. 1998ರಲ್ಲಿ ಅಂಗಡಿಗೆ ಕಂಪ್ಯೂಟರ್ ಬಂತು. ಮದುವೆ ಆಲ್ಬಮ್, ಆಮೇಲೆ ಫ್ಲೆಕ್ಸು. ನನ್ನದು ಅಂತ ಚಿತ್ರ ಮಾಡಲು ಶುರುವಾದದ್ದು ನಲವತ್ತು ದಾಟಿದ ಮೇಲೆ.

*

ಪ್ರಶ್ನೆ: ಮೇಡಂ, ನಾಲ್ಕು ಫೋಟೋ ಕತ್ತರಿಸಿ ಕಂಪ್ಯೂಟರಿನಲ್ಲಿ ಅಂಟಿಸಿದ್ದನ್ನು ಕಲೆ ಅನ್ನುತ್ತೀರಿ. ನಮ್ಮೂರ ಬಸ್ ಸ್ಟ್ಯಾಂಡ್ ಎದುರು ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುತ್ತಾರೆ, ಅದರಲ್ಲಿ ನಲವತ್ತು ತಲೆ ಇರುತ್ತವೆ. ಅದೂ ಕಲೆಯೇ?
(ನಿವೃತ್ತ ಮುಖ್ಯೋಪಾಧ್ಯಾಯರು, ಗುಬ್ಬಿ)

ಮೇಷ್ಟ್ರೇ, ಮುಳ್ಳು ಸರಿಯಾದ ಜಾಗಕ್ಕೇ ಚುಚ್ಚಿದಿರಿ. ಆರು ವರ್ಷ ಅದೇ ಫ್ಲೆಕ್ಸ್ ಮಾಡಿ ಅನ್ನ ತಿಂದವಳು ನಾನು.

ಫ್ಲೆಕ್ಸನ್ನು ಹಗುರವಾಗಿ ನೋಡಬೇಡಿ. ಅದಕ್ಕೂ ಒಂದು ವ್ಯಾಕರಣ ಇದೆ. ನಾಯಕರ ತಲೆ ನಾಲ್ಕಡಿ, ಮರಿ ನಾಯಕರದು ಒಂದಡಿ, ಶುಭ ಕೋರುವವರದು ಅಂಗೈಯಗಲ. ಯಾರ ಭುಜ ಯಾರ ಭುಜದ ಮೇಲೆ ಬರಬೇಕು ಅನ್ನುವುದು ಊರಿನ ರಾಜಕೀಯ. ಒಂದು ರಾತ್ರಿ ಹನ್ನೊಂದೂವರೆಗೆ ಒಬ್ಬ ಹುಡುಗ ಬಾಗಿಲು ಬಡಿದು, ‘ಅಕ್ಕ, ನಮ್ಮಣ್ಣನ್ನ ಎರಡನೇ ಸಾಲಿಂದ ಮೊದಲನೇ ಸಾಲಿಗೆ ಹಾಕು, ಇಲ್ಲಾಂದ್ರೆ ನಾಳೆ ಕಟ್ಟೋದೇ ಇಲ್ಲ’ ಅಂದ. ಹಾಕಿದೆ. ಅಲ್ಲಿದ್ದವರನ್ನು ಕೆಳಗಿಳಿಸಿದ್ದಕ್ಕೆ ಬೆಳಿಗ್ಗೆ ಇನ್ನೊಬ್ಬ ಬಂದ.

ಉಪಕರಣ ಒಂದೇ, ಕತ್ತರಿಸುವ ಕೈಯೂ ಒಂದೇ. ಆದರೆ ಫ್ಲೆಕ್ಸಿನಲ್ಲಿ ಒಂದು ಮುಖ ಇನ್ನೊಂದು ಮುಖದ ಜತೆ ಮಾತಾಡುವುದಿಲ್ಲ. ಎಲ್ಲರೂ ನಿಮ್ಮ ಕಡೆಗೇ ನೋಡಿ ಕೈ ಮುಗಿಯುತ್ತಾರೆ. ಕೊಲಾಜ್ ಅನ್ನುವುದು ಶುರುವಾಗುವುದು ಎರಡು ಚೂರು ಪಕ್ಕಪಕ್ಕ ಬಂದಾಗ ಎರಡರಲ್ಲೂ ಇಲ್ಲದ ಮೂರನೆಯದೊಂದು ಹುಟ್ಟಿದರೆ. ಸಿ.ಕೆ. ರಾಜನ್ ಅಂತ ಒಬ್ಬ ಕಲಾವಿದರಿದ್ದಾರೆ, ಕೇರಳದವರು, ಹೈದರಾಬಾದಿನಲ್ಲಿ ನೆಲೆಸಿದವರು. 1992ರಿಂದ 1996ರವರೆಗೆ ಪತ್ರಿಕೆ, ಮ್ಯಾಗಜಿನ್‌ಗಳಿಂದ ಚೂರು ಕತ್ತರಿಸಿ ಪುಟ್ಟ ಪುಟ್ಟ ಕೊಲಾಜ್ ಮಾಡಿದರು. ಅಳತೆಗೆ ಅಳತೆ ಹೊಂದದ ವಸ್ತುಗಳು, ಜಾಹೀರಾತಿನ ಹೊಳಪು, ಹಿಂದೆ ಬರಡು ನೆಲ. ಆಗ ತಾನೆ ಹೊಸ ಆರ್ಥಿಕ ನೀತಿ ಬಂದು ಬಣ್ಣದ ಜಾಹೀರಾತುಗಳು ಮನೆಗೆ ನುಗ್ಗುತ್ತಿದ್ದ ಕಾಲ. ಭಯ ಹುಟ್ಟಿಸುವಂಥದ್ದು ಯಾವುದೂ ಆ ಚಿತ್ರಗಳಲ್ಲಿಲ್ಲ, ಆದರೂ ನೋಡಿದರೆ ಹೊಟ್ಟೆಯೊಳಗೆ ಏನೋ ಅಳುಕು. 2007ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ಡಾಕ್ಯುಮೆಂಟಾ ಪ್ರದರ್ಶನಕ್ಕೂ ಅವರ ಕೃತಿಗಳು ಹೋದವು. ಆ ಕೊಲಾಜ್‌ಗಳಿಗೆ ಕಂಪ್ಯೂಟರ್ ಬೇಕಾಗಲೇ ಇಲ್ಲ. ಕತ್ತರಿ, ಗೋಂದು, ಹಳೇ ಪತ್ರಿಕೆ.

ಮುಂದಿನ ಸಲ ಬಸ್ಸಿಗೆ ಕಾಯುವಾಗ ಆ ಫ್ಲೆಕ್ಸನ್ನು ಹರಿದ ಮೇಲೆ ನೋಡಿ, ಮೇಷ್ಟ್ರೇ. ಕೆಳಗಿನ ಹಳೆಯದು ಇಣುಕುತ್ತಿರುತ್ತದೆ. ಹೋದ ಚುನಾವಣೆಯ ಮೂಗು, ಈ ಸಲದ ಗಡ್ಡ. ನನ್ನ ಒಂದು ಚಿತ್ರ ಹುಟ್ಟಿದ್ದು ಅಂಥದ್ದೊಂದನ್ನು ಬಿ.ಎಚ್. ರಸ್ತೆಯಲ್ಲಿ ನೋಡಿಯೇ.

*

ಪ್ರಶ್ನೆ: ಅಕ್ಕ, ನಾನು ಡಿಪ್ಲೊಮಾ ಓದುತ್ತಿದ್ದೇನೆ. ಫೋಟೋಶಾಪ್‌ನಲ್ಲಿ ‘ಲೇಯರ್’ ಅಂದರೆ ಏನು ಅಂತ ಸರ್ ಮೂರು ಸಲ ಹೇಳಿದರು, ತಲೆಗೆ ಹೋಗಲಿಲ್ಲ. ಮಾಸ್ಕ್ ಅಂತೂ ಕೇಳಲೇಬೇಡಿ.
(ವಿದ್ಯಾರ್ಥಿನಿ, ಶಿರಾ)

ನಿಮ್ಮೂರ ಕಡೆ ಬೇಸಿಗೆಯಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ ಪುಟ್ಟಿ, ಅದಕ್ಕೆ ಸೀನರಿ ಬಾಡಿಗೆಗೆ ತರಿಸುತ್ತಾರಲ್ಲ, ಅದನ್ನು ನೆನಪು ಮಾಡಿಕೋ. ಎಲ್ಲಕ್ಕಿಂತ ಹಿಂದೆ ದರ್ಬಾರು ಪರದೆ. ಅದರ ಮುಂದೆ ಕಾಡು. ಅದರ ಮುಂದೆ ರಸ್ತೆ. ಅಕ್ಕಪಕ್ಕ ವಿಂಗು. ಕಾಡು ಇಳಿಸಿದರೆ ದರ್ಬಾರು ಕಾಣುವುದಿಲ್ಲ, ಆದರೆ ಅದು ಎಲ್ಲೂ ಹೋಗಿಲ್ಲ, ಹಗ್ಗಕ್ಕೆ ನೇತಾಡುತ್ತಲೇ ಇದೆ. ಲೇಯರ್ ಅಂದರೆ ಅಷ್ಟೇ. ಹಗ್ಗ ಎಳೆಯುವವಳು ನೀನು. (1884ರಲ್ಲಿ ಶುರುವಾದ ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ಜೀವಂತ ಆನೆಯನ್ನೇ ರಂಗಕ್ಕೆ ತಂದಿದ್ದರು. ಆನೆ ಯಾವ ಲೇಯರಿನಲ್ಲಿ ನಿಂತಿತ್ತು ಅಂತ ಕೇಳಬೇಡ.)

ಈ ಸವಲತ್ತು ಮೊದಲಿಂದ ಇರಲಿಲ್ಲ. ಫೋಟೋಶಾಪ್ ಬಂದದ್ದು 1990ರಲ್ಲಿ, ಲೇಯರ್ ಸೇರಿದ್ದು 1994ರ ಮೂರನೇ ಆವೃತ್ತಿಯಲ್ಲಿ. ಅಲ್ಲಿಯವರೆಗೂ ಅಂಟಿಸಿದರೆ ಅಂಟಿಸಿದ್ದೇ, ಗೋಡೆಗೆ ಸುಣ್ಣ ಹೊಡೆದ ಹಾಗೆ.

ಇನ್ನು ಬ್ಲೆಂಡಿಂಗ್, ಅಂದರೆ ಮೇಲಿನ ಲೇಯರ್ ಕೆಳಗಿನದರ ಜತೆ ಬೆರೆಯುವ ಬಗೆ. ತೊಗಲುಗೊಂಬೆ ನೋಡಿದ್ದೀಯಾ? ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಬಣ್ಣ ಹಾಕಿರುತ್ತಾರೆ. ದೀಪದ ಮುಂದೆ ಒಂದರ ಮೇಲೊಂದು ಗೊಂಬೆ ಬಂದರೆ ಆ ಜಾಗ ಇನ್ನಷ್ಟು ಗಾಢವಾಗುತ್ತದೆ, ಆದರೆ ಎರಡೂ ಕಾಣುತ್ತವೆ. ಕಂಪ್ಯೂಟರ್ ಅದನ್ನೇ ‘ಮಲ್ಟಿಪ್ಲೈ’ ಅನ್ನುತ್ತದೆ. ಮಾಮೂಲಿ ‘ನಾರ್ಮಲ್’ ಅಂದರೆ ರಟ್ಟಿನ ಗೊಂಬೆ, ಹಿಂದಿನದನ್ನು ಪೂರ್ತಿ ಮುಚ್ಚುತ್ತದೆ.

ಮಾಸ್ಕ್ ಫೋಟೋ ತೊಳೆಯುವ ಕತ್ತಲೆ ಕೋಣೆಯ ಮಗು. ಎಂಬತ್ತರ ದಶಕದ ಮದುವೆ ಆಲ್ಬಮ್ ಮನೆಯಲ್ಲಿದ್ದರೆ ತೆಗೆದು ನೋಡು. ಹೃದಯದಾಕಾರದೊಳಗೆ ಗಂಡು ಹೆಣ್ಣು, ಇಲ್ಲವೇ ಟೀವಿ ಪೆಟ್ಟಿಗೆಯೊಳಗೆ ಮದುಮಗಳು. ಅಪ್ಪ ಕಪ್ಪು ರಟ್ಟಿನಲ್ಲಿ ಹೃದಯ ಕೊರೆದು, ಎನ್‌ಲಾರ್ಜರ್ (ನೆಗೆಟಿವನ್ನು ಹಿಗ್ಗಿಸಿ ಕಾಗದಕ್ಕೆ ಬಿಡುವ ಯಂತ್ರ) ಕೆಳಗೆ ಬ್ರೋಮೈಡ್ ಕಾಗದದ ಮೇಲೆ ಹಿಡಿದು, ಬೆಳಕು ಬಿಡುತ್ತಿದ್ದರು. ರಟ್ಟು ಇದ್ದ ಕಡೆ ಬೆಳಕು ಬೀಳದು, ಕೊರೆದ ಕಡೆ ಬೀಳುತ್ತದೆ. ಆಮೇಲೆ ಕೊರೆದು ಉಳಿದ ಹೃದಯದ ತುಂಡನ್ನು ಅದೇ ಜಾಗಕ್ಕೆ ಇಟ್ಟು, ಸುತ್ತಲಿನದಕ್ಕೆ ಎರಡನೇ ನೆಗೆಟಿವ್. ಕೂದಲೆಳೆ ಆಚೀಚೆಯಾದರೂ ಬಿಳಿ ಗೆರೆ ಬಂದು ಕಾಗದ ಹಾಳು. ಕಂಪ್ಯೂಟರಿನಲ್ಲಿ ಆ ರಟ್ಟಿನ ಕೆಲಸ ಮಾಸ್ಕಿನದು: ಅದಕ್ಕೆ ಬಿಳಿ ಹಚ್ಚಿದರೆ ಲೇಯರ್ ಕಾಣುತ್ತೆ, ಕಪ್ಪು ಹಚ್ಚಿದರೆ ಮರೆಯಾಗುತ್ತೆ, ಬೂದು ಹಚ್ಚಿದರೆ ಮಂಜಿನ ಹಾಗೆ ಅರ್ಧ. ಅಳಿಸುವ ರಬ್ಬರ್ ಮುಟ್ಟಲೇಬೇಡ. ಅಳಿಸಿದ್ದು ವಾಪಸ್ ಬರುವುದಿಲ್ಲ, ಮರೆ ಮಾಡಿದ್ದು ಬರುತ್ತದೆ.

ಒಂದು ಮನೆಪಾಠ ಕೊಡುತ್ತೇನೆ. ಐದೇ ಲೇಯರ್‌ನಲ್ಲಿ ಒಂದು ಚಿತ್ರ ಮಾಡು. ಮಾರನೇ ದಿನ ಕೂತು ಅದರಲ್ಲಿ ಎರಡರ ಪಕ್ಕದ ಕಣ್ಣಿನ ಗುರುತು ಒತ್ತಿ ಮರೆ ಮಾಡು. ಚಿತ್ರ ಕೆಡಲಿಲ್ಲ ಅಂದರೆ ಆ ಎರಡು ಬೇಕಾಗಿರಲಿಲ್ಲ.

*

ಪ್ರಶ್ನೆ: ನಮ್ಮಜ್ಜಿಯದು ಒಂದೇ ಫೋಟೋ ಇದೆ, ಬೀಡಿಕಟ್ಟಿನಷ್ಟು ಚಿಕ್ಕದು, ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಯಾವುದೋ ಕಾಲದಲ್ಲಿ ಸ್ಟುಡಿಯೋಗೆ ಹೋಗಿ ದುಡ್ಡು ಕೊಟ್ಟು ತೆಗೆಸಿದ್ದು. ಅದನ್ನು ಚಿತ್ರದಲ್ಲಿ ಬಳಸಿದರೆ ಸ್ಟುಡಿಯೋದವರು ಕೇಳುತ್ತಾರೆಯೇ?
(ಮಧುಗಿರಿ)

ಮೊದಲು ಗಾಜಿನ ಮಾತು, ಅದೇ ಅವಸರದ್ದು. ಎಳೆಯಬೇಡಿ! ಮಳೆಗಾಲದ ತೇವಕ್ಕೆ ಫೋಟೋದ ಮೇಲಿನ ಅಂಟು ಪದರ ಗಾಜಿಗೆ ಹಿಡಿದಿರುತ್ತದೆ. ಎಳೆದರೆ ಅಜ್ಜಿಯ ಮುಖ ಗಾಜಿನಲ್ಲಿ, ಕಾಗದ ನಿಮ್ಮ ಕೈಯಲ್ಲಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಸ್ಕ್ಯಾನರ್ ಸಿಗದಿದ್ದರೆ ಕಿಟಕಿ ಪಕ್ಕ ಇಟ್ಟು, ಫ್ಲಾಶ್ ಆರಿಸಿ, ನಿಮಗೂ ಗಾಜಿಗೂ ನಡುವೆ ಒಂದು ಕಪ್ಪು ಬಟ್ಟೆ ಕಟ್ಟಿ, ಅದರ ತೂತಿನಿಂದ ಫೋನಿನಲ್ಲಿ ತೆಗೆಯಿರಿ. ಬಟ್ಟೆ ಯಾಕೆಂದರೆ ಗಾಜಿನಲ್ಲಿ ನಿಮ್ಮದೇ ಮುಖ ಮೂಡಬಾರದು. (ಒಂದು ಸಲ ನನ್ನ ನೆರಳು ಬಿದ್ದದ್ದನ್ನು ಹಾಗೇ ಉಳಿಸಿಕೊಂಡೆ. ಅದು ಬೇರೆ ಕತೆ.)

ಸ್ಕ್ಯಾನಿನವನು 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಮಾಡಿ ಕೈತೊಳೆದುಕೊಳ್ಳುತ್ತಾನೆ, ಒಪ್ಪಬೇಡಿ. ಎರಡಿಂಚು ಅಗಲ, ಮೂರಿಂಚು ಉದ್ದದ ಫೋಟೋ 300ರಲ್ಲಿ ಬರೀ 600, 900 ಚುಕ್ಕಿ. 1200ಕ್ಕೆ ಮಾಡಿಸಿದರೆ 2400, 3600. ಆಗ ಸೀರೆಯಂಚಿನ ನೇಯ್ಗೆಯೂ ಸಿಗಬಹುದು.

ಹಕ್ಕಿನ ವಿಚಾರ. ನಾನು ವಕೀಲೆಯಲ್ಲ, ಆದರೆ ಫೋಟೋ ಸ್ಟುಡಿಯೋ ಮನೆಯ ಮಗಳಿಗೆ ಇಷ್ಟು ಗೊತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋ ಮೇಲೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕು ತೆಗೆಸಿದವರದ್ದು. ತೆಗೆದವರದ್ದಲ್ಲ. ನಮ್ಮಪ್ಪನಿಗೆ ಇದನ್ನು ಹೇಳಿದಾಗ ಮೂರು ದಿನ ಮುನಿಸಿಕೊಂಡಿದ್ದರು. ಪ್ರಕಟವಾದ ಫೋಟೋಗಳಿಗಾದರೆ ರಕ್ಷಣೆ 60 ವರ್ಷ. ಪತ್ರಿಕೆಯಿಂದಲೋ ಇಂಟರ್‌ನೆಟ್ಟಿನಿಂದಲೋ ಎತ್ತಿಕೊಳ್ಳುವುದು ಮಾತ್ರ ಬೇರೆ ಮಾತು. ‘ಗೂಗಲ್‌ನಲ್ಲಿತ್ತು’ ಅನ್ನುವುದು ಉತ್ತರವಲ್ಲ. ‘ಸಂತೆಯಲ್ಲಿತ್ತು, ಎತ್ತಿಕೊಂಡೆ’ ಅಂದರೆ ಸುಮ್ಮನಿರುತ್ತಾರಾ? ರಾಜಾ ರವಿವರ್ಮ 1906ರಲ್ಲೇ ತೀರಿಕೊಂಡದ್ದರಿಂದ ಅವರ ಲಕ್ಷ್ಮಿ, ಸರಸ್ವತಿ ಎಲ್ಲರ ಸೊತ್ತು. ಆಮೇಲಿನ ಕ್ಯಾಲೆಂಡರ್ ದೇವರುಗಳೆಲ್ಲಕ್ಕೂ ಈ ಸೌಕರ್ಯ ಇದೆ ಅಂದುಕೊಳ್ಳಬೇಡಿ.

*

ಪ್ರಶ್ನೆ: ನಮ್ಮ ತಾತ ಗಣಿ ಕೆಲಸಗಾರ. ಅವರ ಗುರುತಿನ ಚೀಟಿ, ಹೆಲ್ಮೆಟ್, ಸಂಬಳದ ಚೀಟಿ, ಅಜ್ಜಿಯ ತಾಳಿ ಫೋಟೋ, ಗಣಿಗೆ ಇಳಿಯುವ ಶಾಫ್ಟ್, ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬ, ಹಳೇ ಭೂಪಟ, ಚಿನ್ನದ ಗಟ್ಟಿ ಎಲ್ಲ ಸೇರಿಸಿ ಒಂದು ಚಿತ್ರ ಮಾಡಿದ್ದೇನೆ. 46 ಲೇಯರ್. ಕಳಿಸಿದ್ದೇನೆ, ನೋಡಿ ಹೇಳಿ.
(ಯುವಕ, ಕೆ.ಜಿ.ಎಫ್.)

ನೋಡಿದೆ ತಮ್ಮ. ನಾಲ್ಕು ಸಲ ನೋಡಿದೆ. ನಿಮ್ಮ ತಾತ ಎಲ್ಲಿ?

ಇದ್ದಾರೆ, ಗೊತ್ತು. ಚಿನ್ನದ ಗಟ್ಟಿಯ ಕೆಳಗೆ, ಭೂಪಟದ ಮೇಲೆ, ಶೇಕಡಾ ಮೂವತ್ತು ಒಪಾಸಿಟಿಯಲ್ಲಿ, ಅಂದರೆ ಕಂಡೂ ಕಾಣದಷ್ಟು ಮಸುಕಾಗಿ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಉಸಿರಾಡಿ ಬಂದ ಮನುಷ್ಯ ನಿಮ್ಮ ಚಿತ್ರದಲ್ಲಿ ಉಸಿರುಗಟ್ಟಿದ್ದಾರೆ. ಒರಟಾಗಿ ಹೇಳಿದೆ, ಬೇಜಾರಾಗಬೇಡಿ. ನಿಮ್ಮ ಸಾಮಗ್ರಿ ನೋಡಿ ಹೊಟ್ಟೆಕಿಚ್ಚಾಯಿತು, ಅದಕ್ಕೇ ಈ ಸಿಟ್ಟು.

ಚಿನ್ನದ ಗಟ್ಟಿ ತೆಗೆಯಿರಿ. ಕೆ.ಜಿ.ಎಫ್. ಅಂದರೆ ಚಿನ್ನ ಅಂತ ಎಲ್ಲರಿಗೂ ಗೊತ್ತು, ಅದನ್ನು ನೀವು ಬೇರೆ ಹೇಳಬೇಕಿಲ್ಲ. ಅದು ಇಂಟರ್‌ನೆಟ್ಟಿನಿಂದ ತಂದದ್ದು ಅನ್ನುವುದೂ ಅಂಚಿನಲ್ಲಿ ಕಾಣುತ್ತದೆ. ನಿಮ್ಮ ತಾತ ಮುಟ್ಟಿದ್ದು ಕಲ್ಲು, ಗಟ್ಟಿಯಲ್ಲ. ಹೆಲ್ಮೆಟ್ಟೂ ಬೇಡ. ತಾಳಿ ಕಷ್ಟಪಟ್ಟು ಬಿಡಬೇಕಾಗುತ್ತದೆ, ಅದು ಇನ್ನೊಂದು ಚಿತ್ರಕ್ಕಾಯಿತು.

ನಾನಾಗಿದ್ದರೆ ಮೂರೇ ಇಟ್ಟುಕೊಳ್ಳುತ್ತಿದ್ದೆ. ಒಂದು, ಗುರುತಿನ ಚೀಟಿಯ ಆ ಮುಖ. ಮೂಲೆಯಲ್ಲಿ ಅರ್ಧ ಸೀಲು ಬಿದ್ದು ಒಂದು ಕಣ್ಣಿನ ಮೇಲೆ ಹಾದುಹೋಗಿದೆ ನೋಡಿ, ಅದನ್ನು ಯಾವ ಕಾರಣಕ್ಕೂ ಸ್ವಚ್ಛ ಮಾಡಬೇಡಿ. ಎರಡು, ಸೈನೈಡ್ ದಿಬ್ಬ. ಮಳೆನೀರು ಕೊರೆದ ಆ ಬೂದು ಗೀರುಗಳನ್ನು ಮುಖದ ಮೇಲೆ ಮಲ್ಟಿಪ್ಲೈನಲ್ಲಿ ಹಾಕಿ ನೋಡಿ. ಸುಕ್ಕಿಗೂ ಕೊರಕಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ನಾನು ಇಲ್ಲಿ ಹಾಕಿ ನೋಡಿಯೇ ಹೇಳುತ್ತಿದ್ದೇನೆ. ಮೂರು, ಸಂಬಳದ ಚೀಟಿಯಲ್ಲಿ ಕೈಬರಹದ ಆ ಒಂದೇ ಸಾಲು. ದಿನಾಂಕ ಫೆಬ್ರವರಿ 2001, ಗಣಿ ಮುಚ್ಚಿದ ತಿಂಗಳು. ನೀವು ಅದನ್ನು ತೀರಾ ಕೆಳಗೆ ಹೂತುಬಿಟ್ಟಿದ್ದೀರಿ!

ಮಾಡಿ ಮತ್ತೆ ಕಳಿಸಿ. 46 ಇದ್ದ ಹಳೇ ಕಡತವನ್ನೂ ಇಟ್ಟುಕೊಂಡಿರಿ.

*

ಪ್ರಶ್ನೆ: ಲೇಖನದಲ್ಲಿ ನೀವು ವಿವಾನ್ ಸುಂದರಂ ಅನ್ನುವವರ ಹೆಸರು ಹೇಳಿ ಮುಂದೆ ಹೋಗಿಬಿಟ್ಟಿರಿ. ಯಾರವರು? ಅದಕ್ಕಿಂತ ದೊಡ್ಡ ಪ್ರಶ್ನೆ: ಜತೆಯಲ್ಲಿ ಎಂದೂ ಕೂರದವರನ್ನು ಒಂದೇ ಫೋಟೋದಲ್ಲಿ ಕೂರಿಸುವುದು ಸುಳ್ಳಲ್ಲವೇ?
(ಗೃಹಿಣಿ, ಚಿಂತಾಮಣಿ)

ಮೊದಲು ಕೊರಟಗೆರೆ ಕಡೆಯ ಒಬ್ಬ ಅಜ್ಜಿಯ ಕತೆ ಹೇಳುತ್ತೇನೆ.

2003 ಇರಬೇಕು. ಮಧ್ಯಾಹ್ನ ಅಂಗಡಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಕವರಿನಿಂದ ಒಂದು ಪಾಸ್‌ಪೋರ್ಟ್ ಫೋಟೋ ತೆಗೆದರು. ‘ನಂಗೂ ನಮ್ಮ ಯಜಮಾನ್ರಿಗೂ ಒಂದು ಜೋಡಿ ಫೋಟ ಇಲ್ಲ ಕಣವ್ವ. ನೀನು ಕಂಪ್ಯೂಟ್ರಲ್ಲಿ ಕೂರಿಸಿಕೊಡ್ತೀಯಂತೆ.’ ಇದು ನಮಗೆ ದಿನನಿತ್ಯದ ಕೆಲಸ. ತೀರಿಹೋದ ಅಪ್ಪನಿಗೆ ಕೋಟು ತೊಡಿಸುವುದು, ಗುಂಪು ಫೋಟೋದಿಂದ ತಾಯಿಯನ್ನು ಬಿಡಿಸಿ ಹಾರಕ್ಕೆ ತಯಾರು ಮಾಡುವುದು. ಸ್ಟುಡಿಯೋದಲ್ಲಿ ಒಂದೇ ಕೋಟಿನ ಚಿತ್ರ ಇತ್ತು. ಆ ಒಂದು ಕೋಟು ತುಮಕೂರು ಜಿಲ್ಲೆಯ ಎಷ್ಟು ಗೋಡೆಗಳ ಮೇಲಿದೆಯೋ ದೇವರಿಗೇ ಗೊತ್ತು.

ಸ್ಟೂಲ್ ಮೇಲೆ ಕೂರಿಸಿ ಅಜ್ಜಿಯ ಫೋಟೋ ತೆಗೆದೆ. ಜೋಡಿಸಲು ಹೋದರೆ ಕೂಡಲಿಲ್ಲ. ಯಜಮಾನರ ಮುಖಕ್ಕೆ ಬೆಳಕು ಎಡದಿಂದ ಬಿದ್ದಿತ್ತು, ಅಜ್ಜಿಗೆ ನಾನು ಎದುರಿಂದ ಫ್ಲಾಶ್ ಹೊಡೆದಿದ್ದೆ. ಬೆಳಕು ಒಂದಾಗದಿದ್ದರೆ ಮುಖ ಎಷ್ಟು ಹತ್ತಿರ ತಂದರೂ ಇಬ್ಬರೂ ಬೇರೆ ಬೇರೆ ಕೋಣೆಯಲ್ಲೇ ಇರುತ್ತಾರೆ. ಮಾರನೇ ದಿನ ಮತ್ತೆ ಕರೆಸಿ, ಬೆಳಿಗ್ಗೆ ಹತ್ತಕ್ಕೆ ಬಾಗಿಲ ಪಕ್ಕ, ಎಡಗಡೆಯಿಂದ ಬಿಸಿಲು ಬರುವ ಹಾಗೆ ಕೂರಿಸಿದೆ. ಈಗ ಕೂಡಿತು. ಪ್ರಿಂಟ್ ತೆಗೆದು ಕೈಗೆ ಕೊಟ್ಟೆ.

ಅಜ್ಜಿ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ‘ಇದೇನವ್ವ, ನನ್ ಮಗನ ಪಕ್ಕ ಕೂತಂಗೈತೆ!’

ನನಗೆ ಅದು ಹೊಳೆದೇ ಇರಲಿಲ್ಲ. ಆತ ಹೋದದ್ದು ಇಪ್ಪತ್ತೆಂಟಕ್ಕೆ. ಈಕೆಗೆ ಅರವತ್ತರ ಮೇಲೆ. ನಾಚಿಕೆಯಾಗಿ, ‘ಅಜ್ಜಿ, ಅವರ ಕೂದಲು ಬೆಳ್ಳಗೆ ಮಾಡಿ, ಸ್ವಲ್ಪ ಸುಕ್ಕು ಹಾಕಿಕೊಡ್ತೀನಿ, ಹತ್ತು ನಿಮಿಷ’ ಅಂದೆ. ಅಜ್ಜಿ ಫೋಟೋವನ್ನು ಎದೆಗೆ ಒತ್ತಿಕೊಂಡರು. ‘ಬ್ಯಾಡ ಬುಡು. ಅವ್ರು ಇದ್ದಂಗೇ ಇರ್ಲಿ. ಮುದುಕಿ ಆಗಿದ್ದು ನಾನು ತಾನೆ.’

ದುಡ್ಡು ತೆಗೆದುಕೊಳ್ಳಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತೆ, ಆದರೆ ತೆಗೆದುಕೊಂಡೆ. ಅಪ್ಪ ಗಲ್ಲಾದಲ್ಲಿ ಕೂತಿದ್ದರು.

ಎಷ್ಟೋ ವರ್ಷದ ಮೇಲೆ ಬೆಂಗಳೂರಿನಲ್ಲಿ ಒಂದು ಪುಸ್ತಕದಲ್ಲಿ ವಿವಾನ್ ಸುಂದರಂ ಅವರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿದೆ. ಕಲಾವಿದೆ ಅಮೃತಾ ಶೇರ್‌ಗಿಲ್ ಇವರ ದೊಡ್ಡಮ್ಮ. ಆಕೆ ತೀರಿಕೊಂಡದ್ದು 1941ರಲ್ಲಿ, 28ನೇ ವಯಸ್ಸಿಗೆ. ವಿವಾನ್ ಹುಟ್ಟಿದ್ದು 1943ರಲ್ಲಿ. ಕಂಡೇ ಇಲ್ಲದ ದೊಡ್ಡಮ್ಮ. ಆದರೆ ಅಮೃತಾರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ ಜೀವನವಿಡೀ ಹೆಂಡತಿ, ಮಕ್ಕಳು ಮತ್ತು ತಮ್ಮದೇ ಫೋಟೋ ತೆಗೆದಿಟ್ಟಿದ್ದರು. ಮೊಮ್ಮಗ ವಿವಾನ್ 2001–02ರಲ್ಲಿ ಆ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಬೇರೆ ಬೇರೆ ದಶಕದವರನ್ನು ಒಂದೇ ಕೋಣೆಗೆ ಕರೆತಂದರು. ಸರಣಿಯ ಹೆಸರು ‘ರೀ-ಟೇಕ್ ಆಫ್ ಅಮೃತಾ’. ತಂದೆ, ತಾಯಿ, ತಂಗಿ, ಅಮೃತಾ, ಯಾರ ವಯಸ್ಸು ಯಾರಿಗೂ ತಾಳೆಯಾಗಬೇಕಿಲ್ಲ. ವಿವಾನ್ 2023ರಲ್ಲಿ ತೀರಿಕೊಂಡರು.

ಆ ಪುಟ ನೋಡುತ್ತಾ ನಿಂತಲ್ಲೇ ಕೊರಟಗೆರೆ ಅಜ್ಜಿ ನೆನಪಾದರು. ನಾನು ಯಾವುದನ್ನು ತಪ್ಪು ಅಂದುಕೊಂಡು ತಿದ್ದಲು ಹೊರಟಿದ್ದೆನೋ ಅದನ್ನೇ ಇವರು ಚಿತ್ರದ ಜೀವ ಮಾಡಿಕೊಂಡಿದ್ದರು. ಮನೆಗೆ ಬಂದು ನನ್ನದೇ ಅಂತ ಮೊದಲ ಕಡತ ತೆರೆದೆ. ಅಮ್ಮ ಹೋದಾಗ ಅವಳಿಗಿದ್ದ ವಯಸ್ಸು ನನಗಾಗ ದಾಟಿತ್ತು. ಇಬ್ಬರನ್ನೂ ಒಂದೇ ಬಾಗಿಲ ಪಕ್ಕ ಕೂರಿಸಿದೆ.

ಸುಳ್ಳೇ ಅಂತ ಕೇಳಿದಿರಿ. ನಡೆಯಿತು ಅಂತ ನಂಬಿಸಲು ಹೊರಟರೆ ಸುಳ್ಳು. ಒಬ್ಬಾತ ಬಂದು, ಆಸ್ತಿ ಭಾಗದ ಗಲಾಟೆ ಇದೆ, ದೊಡ್ಡಪ್ಪನ ಮನೆಯ ಗುಂಪು ಫೋಟೋದಲ್ಲಿ ನನ್ನನ್ನು ಸೇರಿಸಿಕೊಡಿ ಅಂದ. ಎದ್ದು ಹೋಗಪ್ಪ ಅಂದೆ. ಅಜ್ಜಿಯ ಫೋಟೋದಲ್ಲಿ ಯಾರಿಗೆ ಮೋಸವಾಯಿತು? ಹೆಂಡತಿಗಿಂತ ಮೂವತ್ತು ವರ್ಷ ಚಿಕ್ಕ ಗಂಡನನ್ನು ನೋಡಿದರೆ ಇದು ಜೋಡಿಸಿದ್ದು ಅಂತ ಯಾರಿಗಾದರೂ ತಿಳಿಯುತ್ತದೆ. ಅದಕ್ಕೇ ನಾನು ನನ್ನ ಚಿತ್ರಗಳಲ್ಲಿ ಅಂಚನ್ನು ಪೂರ್ತಿ ಮರೆಸುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿ ಆಡಿದ ಗುರುತು ಬಿಟ್ಟಿರುತ್ತೇನೆ.

*

ಪ್ರಶ್ನೆ: ಫೋನಿನಲ್ಲಿ ಮಾಡಬಹುದಾ? ಲ್ಯಾಪ್‌ಟಾಪ್ ಇಲ್ಲ.
(ಕುಣಿಗಲ್)

ಧಾರಾಳವಾಗಿ. ನಳಿನಿ ಮಲಾನಿ ಅವರಂಥ ಹಿರಿಯ ಕಲಾವಿದೆ, 1946ರಲ್ಲಿ ಹುಟ್ಟಿದವರು, ಐಪ್ಯಾಡ್ ಮೇಲೆ ಬೆರಳಾಡಿಸಿ ಅನಿಮೇಶನ್ ಮಾಡಿದ್ದಾರೆ. ಒಂದೇ ಎಚ್ಚರಿಕೆ: ಫೋಟೋಗಳನ್ನು ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಮಾಡಿ ಕಳಿಸಿಕೊಳ್ಳಿ. ಸುಮ್ಮನೆ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ.

*

ಪ್ರಶ್ನೆ: ಈಗ ಎಐ ಒಂದು ನಿಮಿಷಕ್ಕೆ ಇಂಥ ಚಿತ್ರ ಕೊಡುತ್ತದೆ. ನೀವೆಲ್ಲ ಅಂಗಡಿ ಮುಚ್ಚಬೇಕಾ?
(ಪಾವಗಡ)

ನಾನೂ ಕುತೂಹಲಕ್ಕೆ ಕೇಳಿ ನೋಡಿದೆ, ‘ತುಮಕೂರಿನ ಸಂತೆಯಲ್ಲಿ ಎಲೆ ಅಡಿಕೆ ಮಾರುವ ಮುದುಕಿ’ ಅಂತ. ಬಂದಳು. ಸೆರಗು ಬಲಭುಜದ ಮೇಲೆ, ಮೂಗಿಗೆ ಬಳೆಯಷ್ಟು ಅಗಲದ ನತ್ತು, ಮುಂದೆ ಎಲೆಯ ಬದಲು ಪಾಲಕ್ ಸೊಪ್ಪಿನಂಥದ್ದೇನೋ. ಚೆಂದವಿತ್ತು, ನಮ್ಮವಳಾಗಿರಲಿಲ್ಲ. ನಾಳೆ ಅದೂ ಕಲಿತುಕೊಳ್ಳಬಹುದು. ಆದರೆ ನಿಮ್ಮ ಟ್ರಂಕಿನಲ್ಲಿರುವ ಫೋಟೋ ಅದರ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ. ಅಂಗಡಿ ಮುಚ್ಚಿದ್ದು ಎಐ ಬಂದಾಗಲ್ಲ, ಎಲ್ಲರ ಕೈಗೆ ಫೋನ್ ಬಂದಾಗಲೇ.

*

ಪ್ರಶ್ನೆ: ಪ್ರಿಂಟ್ ಮಾಡಿಸಿ ಮಾರುವುದು ಹೇಗೆ? ಪರದೆಯಲ್ಲಿ ಕಂಡ ಬಣ್ಣ ಪ್ರಿಂಟಿನಲ್ಲಿ ಸತ್ತುಹೋಗುತ್ತದೆ. ಇಂಥ ಕೆಲಸಗಳನ್ನು ಎಲ್ಲಿ ನೋಡಬಹುದು?
(ತುಮಕೂರು, ಶೆಟ್ಟಿಹಳ್ಳಿ)

ಪರದೆ ಬೆಳಕನ್ನು ಕೊಡುತ್ತದೆ, ಕಾಗದ ಬಿದ್ದ ಬೆಳಕನ್ನು ವಾಪಸ್ ಮಾಡುತ್ತದೆ. ನವಿಲುಗರಿಯ ಹಸಿರು, ಕಿತ್ತಳೆಯ ಉರಿ, ಇವು ಶಾಯಿಯಲ್ಲಿ ಸಿಗುವುದೇ ಇಲ್ಲ. ಶುರುವಿನಿಂದಲೇ ಸ್ವಲ್ಪ ತಗ್ಗಿಸಿಕೊಂಡು ಕೆಲಸ ಮಾಡಿ. ಎ3 ಅಳತೆಗೆ 300 ಡಿಪಿಐ ಅಂದರೆ 3508, 4961 ಚುಕ್ಕಿ ಬೇಕು. ಕಡಿಮೆಯಿದ್ದರೆ ಹಿಗ್ಗಿಸಬೇಡಿ, ಚಿಕ್ಕದಾಗಿ ಪ್ರಿಂಟ್ ಮಾಡಿ. ಫ್ಲೆಕ್ಸ್ ಮಷಿನ್‌ನವನು ‘72 ಸಾಕು ಮೇಡಂ’ ಅನ್ನುತ್ತಾನೆ. ಅವನಿಗೆ ಸಾಕು, ಇಪ್ಪತ್ತಡಿ ದೂರದಿಂದ ನೋಡುವ ವಸ್ತು ಅದು. ಹತ್ತಿಯ ಕಾಗದ, ಬೇಗ ಮಾಸದ ಪಿಗ್ಮೆಂಟ್ ಶಾಯಿ ಕೇಳಿ ಮಾಡಿಸಿ. ಎಷ್ಟು ಪ್ರತಿ ಅಂತ ಮೊದಲೇ ನಿಶ್ಚಯಿಸಿ, ಪೆನ್ಸಿಲಿನಲ್ಲಿ 1/10, 2/10 ಅಂತ ಬರೆದು ಸಹಿ ಹಾಕಿ. ಹನ್ನೊಂದನೆಯದನ್ನು ತಮ್ಮನಿಗೂ ಕೊಡಬೇಡಿ.

ಮಾರಲು ಚಿತ್ರಸಂತೆ ಇದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಒಂದು ದಿನದ ಜಾತ್ರೆ. ಬೆಳಗಿನ ಜಾವದ ರೈಲಿಗೆ ಹೋಗಿ ರಸ್ತೆ ಪಕ್ಕ ಕೂತಿದ್ದೇನೆ. ನೂರಾರು ಜನ ನಿಂತು ‘ಇದು ಪೇಂಟಿಂಗಾ, ಫೋಟೋನಾ?’ ಅಂತ ಕೇಳಿ ಮುಂದೆ ಹೋದರು. ಸಂಜೆ ಹೊತ್ತಿಗೆ ಎರಡು ಹೋದವು.

ನೋಡಲು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ. ಬೆಂಗಳೂರಿನವರೇ ಆದ ಪುಷ್ಪಮಾಲಾ ಎನ್. ಅವರ ಕೆಲಸ ಎಲ್ಲಿ ಸಿಕ್ಕರೂ ಬಿಡಬೇಡಿ. ಅವರದು ಕಂಪ್ಯೂಟರ್ ಕೊಲಾಜ್ ಅಲ್ಲ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜತೆ ಸೇರಿ, ಪರದೆ ಬರೆಸಿ, ಒಡವೆ ಉಡುಗೆ ತೊಟ್ಟು, ರವಿವರ್ಮನ ಲಕ್ಷ್ಮಿಯಾಗಿ ತಾವೇ ನಿಂತರು. ನಮ್ಮಪ್ಪನ ಸ್ಟುಡಿಯೋ ಪರದೆಯ ಮುಂದೆ ನಿಂತು ನೋಡಿದ ಹಾಗಿರುತ್ತದೆ.

*

ಪ್ರಶ್ನೆ: ವಯಸ್ಸು 71. ತೆಂಗಿನ ಮಂಡಿಯಲ್ಲಿ ಲೆಕ್ಕ ಬರೆದವನು. ಎರಡೂ ಕಣ್ಣು ಮಂದವಾಗಿವೆ, ಪರದೆ ನೋಡಲಾಗುವುದಿಲ್ಲ. ಆದರೆ ನಿಮ್ಮ ಚಿತ್ರ ಮೊಮ್ಮಗಳು ಬಿಡಿಸಿ ಹೇಳಿದಾಗ ಆಸೆಯಾಯಿತು. ನನ್ನಿಂದ ಏನಾದರೂ ಆದೀತೇ?
(ತಿಪಟೂರು, ಇನ್‌ಲ್ಯಾಂಡ್ ಲೆಟರಿನಲ್ಲಿ)

ರಾಯರೇ, ನಿಮ್ಮ ಅಕ್ಷರ ಸಾಲು ತಪ್ಪಿ ಒಂದರ ಮೇಲೊಂದು ಬಿದ್ದಿದೆ. ಬಿಡಿಸಿ ಓದಲು ಅರ್ಧ ಗಂಟೆ ಬೇಕಾಯಿತು. ಓದುತ್ತಾ ಓದುತ್ತಾ ಇದನ್ನೇ ಸ್ಕ್ಯಾನ್ ಮಾಡಿಕೊಳ್ಳೋಣ ಅನ್ನಿಸಿತು, ನಿಮ್ಮ ಅಪ್ಪಣೆ ಬೇಕು.

ಶಾಂತಿನಿಕೇತನದಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಅಂತ ಮಹಾ ಕಲಾವಿದರಿದ್ದರು. ಹುಟ್ಟಿನಿಂದಲೇ ಕಣ್ಣು ಮಂದ. ಐವತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆ ಕೈಕೊಟ್ಟು ಪೂರ್ತಿ ದೃಷ್ಟಿ ಹೋಯಿತು. ಆಮೇಲೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಕೊಲಾಜ್ ಮಾಡಿದರು, ಕೈಯಳತೆಯಲ್ಲಿ. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ 1972ರಲ್ಲಿ ಅವರ ಮೇಲೆ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದ್ದಾರೆ.

ನಿಮಗೆ ಕಂಪ್ಯೂಟರ್ ಬೇಡವೇ ಬೇಡ. ಮುಟ್ಟಿದರೆ ಬೇರೆ ಬೇರೆ ಅಂತ ಗೊತ್ತಾಗುವ ಕಾಗದ ಸಾಕು: ಮದುವೆ ಕಾರ್ಡಿನ ದಪ್ಪ ರಟ್ಟು, ಸಕ್ಕರೆ ಪೊಟ್ಟಣ, ಲೆಕ್ಕದ ಪುಸ್ತಕದ ಹಳೇ ಹಾಳೆ. ಕೆಂಪು ವಸ್ತ್ರ ಹೊದಿಸಿದ ಮಂಡಿ ಖಾತೆ ಪುಸ್ತಕ ಮನೆಯಲ್ಲಿ ಉಳಿದಿದ್ದರೆ ಅದರ ಬೈಂಡು ನೋಡಿಕೊಳ್ಳಿ. ಕತ್ತರಿ ಬೇಡ, ಕೈಯಲ್ಲೇ ಹರಿಯಿರಿ. ಕಾಗದಕ್ಕೂ ಮರದ ಹಾಗೆ ಒಂದು ನಾರು ಇದೆ, ಒಂದು ಕಡೆಗೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ಕಡೆಗೆ ಸೊಟ್ಟ. ಯಾವ ಬಣ್ಣ ಅಂತ ಮೊಮ್ಮಗಳು ಹೇಳಲಿ, ಎಲ್ಲಿ ಅಂಟಿಸಬೇಕು ಅನ್ನುವುದು ಮಾತ್ರ ಅವಳ ಕೈಗೆ ಬಿಡಬೇಡಿ. ಗೋಂದು ಮೈದಾ ಗಂಜಿಯದ್ದೇ ಆದರೆ ಚೆನ್ನಾಗಿ ಒಣಗಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿದುಬಿಡುತ್ತದೆ. ಮೊದಲನೆಯದನ್ನು ಮಡಚದೆ ಎರಡು ರಟ್ಟಿನ ನಡುವೆ ಇಟ್ಟು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಂಚೆ ಖರ್ಚು ನನ್ನದು.